ಮನೇಲೇ ರಿಪೇರಿ ಮಾಡಿದ್ಮೇಲೆ ಹಳೇ ಹೈಬ್ರಿಡ್ ಕಾರು ಓವರ್‌ಹೀಟ್ ಆಗ್ತಿದ್ರೆ ಕಾರಣ ಹುಡುಕೋದು ಹೇಗೆ: ಸಮಗ್ರ ಮಾರ್ಗದರ್ಶಿ

ವಾಟರ್ ಪಂಪೋ ರೇಡಿಯೇಟರೋ ನೀವೇ ಬದಲಾಯಿಸಿದ್ರಿ, ಕೂಲೆಂಟ್ ತುಂಬಿಸಿ ಕ್ಯಾಪ್ ಮುಚ್ಚಿ ಒಂದು ರೌಂಡ್ ಹೋಗಿ ಬಂದ್ರಿ, ಎಲ್ಲಾ ಸರಿ ಇತ್ತು, ಎರಡು ದಿನ ಬಿಟ್ಟು ಏರು ಹತ್ತೋವಾಗ ಡ್ಯಾಶ್ ಮೇಲೆ ಕೆಂಪು ಥರ್ಮಾಮೀಟರ್ ಲೈಟ್ ಬಂತು. ನನಗೂ ಹೀಗೇ ಆಗಿತ್ತು. ನನ್ನದು ಮೂರನೇ ತಲೆಮಾರಿನ ಟೊಯೋಟಾ ಪ್ರಿಯಸ್, ಪಿ261ಬಿ ಅನ್ನೋ ಕೋಡ್ (ಕಾರಿನ ಕಂಪ್ಯೂಟರ್ ತೊಂದರೆ ಕಂಡಾಗ ಉಳಿಸಿಡೋ ಸಂಕೇತ) ಬಂತು ಅಂತ ವಾಟರ್ ಪಂಪ್ ಬದಲಾಯಿಸಿದ್ದೆ, ಮೂರನೇ ದಿನಕ್ಕೆ ಕಾರು ಕಾದು ಹೋಯ್ತು. ಹೊಸ ಪಂಪೇ ಕೆಟ್ಟಿದೆ ಅಂದ್ಕೊಂಡು ಅದನ್ನ ಮತ್ತೆ ಬಿಚ್ಚಿ, ಮತ್ತೆ ಹಾಕಿ, ಎರಡು ದಿನ ಕಳೆದೆ. ಪಂಪ್ ಚೆನ್ನಾಗೇ ಇತ್ತು. ರೇಡಿಯೇಟರ್ ಫ್ಯಾನಿನ ಕನೆಕ್ಟರ್ ಅರ್ಧ ಮಾತ್ರ ಕೂತಿತ್ತು, ಜೊತೆಗೆ ಲೈನಲ್ಲಿ ಗಾಳಿ ಉಳ್ಕೊಂಡಿತ್ತು, ಎರಡೂ ನನ್ನ ಕೈಯಲ್ಲೇ ಆಗಿದ್ದು. ರಿಪೇರಿಗೆ ಮುಂಚೆ ಇಲ್ಲದ ತೊಂದರೆ ರಿಪೇರಿ ಆದ್ಮೇಲೆ ಶುರುವಾಗಿದ್ರೆ ಬಹಳ ಸಲ ಅದು ನಾವು ಕೊನೇದಾಗಿ ಕೈ ಇಟ್ಟ ಜಾಗದಲ್ಲೇ ಅಥವಾ ಅದರ ಪಕ್ಕದಲ್ಲೇ ಇರತ್ತೆ, ಹಾಗಾಗಿ ಹೊಸ ಪಾರ್ಟ್ ತರೋಕೆ ಮುಂಚೆ ಅಲ್ಲಿಂದಲೇ ಹುಡುಕಾಟ ಶುರು ಮಾಡಿ.

ಉದಾಹರಣೆಗಳೆಲ್ಲಾ ಹೆಚ್ಚಾಗಿ ಪ್ರಿಯಸ್‌ದು, 2004ರಿಂದ 2009ರವರೆಗಿನ ಎರಡನೇ ತಲೆಮಾರು ಮತ್ತೆ 2010ರಿಂದ 2015ರವರೆಗಿನ ಮೂರನೇದು. ಬೇರೆ ಹೈಬ್ರಿಡ್‌ಗೂ ಹುಡುಕೋ ಕ್ರಮ ಇದೇ, ಪಾರ್ಟ್ ಇರೋ ಜಾಗ ಮಾತ್ರ ಬದಲಾಗತ್ತೆ.

ಬಾನೆಟ್ ಎತ್ತೋಕೆ ಮುಂಚೆ

ಕಾರು ಹೊರಡೋಕೆ ಸಿದ್ಧ ಅಂತ ತೋರಿಸೋ ರೆಡಿ ಲೈಟ್ ಉರೀತಿದ್ರೆ ಇಂಜಿನ್ ಸುಮ್ನೆ ನಿಂತಿದ್ರೂ ಯಾವ ಕ್ಷಣದಲ್ಲಾದ್ರೂ ತಾನಾಗೇ ಸ್ಟಾರ್ಟ್ ಆಗಬಹುದು, ಫ್ಯಾನ್ ಕೂಡ ತಾನಾಗೇ ತಿರುಗಬಹುದು. ಕೈ ಒಳಗೆ ಹಾಕೋ ಕೆಲಸ ಇದ್ರೆ ಪವರ್ ಆಫ್ ಮಾಡಿ, ಸ್ಮಾರ್ಟ್ ಕೀ ಕಾರಿಂದ ದೂರ ಇಡಿ, 12 ವೋಲ್ಟ್ ಬ್ಯಾಟರಿ ಬಿಚ್ಚಿ. ಆದ್ರೆ ಬ್ಯಾಟರಿ ಬಿಚ್ಚೋಕೆ ಮುಂಚೆ ಇರೋ ಕೋಡ್‌ಗಳನ್ನೆಲ್ಲಾ ಬರ್ಕೊಳ್ಳಿ, ಬಿಚ್ಚಿದ್ರೆ ಅಳಿಸಿ ಹೋಗ್ತವೆ.

ಕಿತ್ತಳೆ ಬಣ್ಣದ ಕೇಬಲ್ ಕಂಡ್ರೆ ಅದು ಹೈವೋಲ್ಟೇಜ್. ಎರಡನೇ ತಲೆಮಾರಿನ ಪ್ರಿಯಸ್ ಬ್ಯಾಟರಿ 201.6 ವೋಲ್ಟ್, ಇನ್ವರ್ಟರ್ (ಬ್ಯಾಟರಿ ಕರೆಂಟನ್ನ ಮೋಟರ್‌ಗೆ ಬೇಕಾದ ಹಾಗೆ ಬದಲಾಯಿಸೋ ಪೆಟ್ಟಿಗೆ) ಅದನ್ನ 500ರವರೆಗೆ ಏರಿಸತ್ತೆ, ಮೂರನೇದ್ರಲ್ಲಿ 650ರವರೆಗೆ. ಇಲ್ಲಿ ಹೇಳೋ ಯಾವ ಪರೀಕ್ಷೆಗೂ ಆ ಕೇಬಲ್ ಮುಟ್ಟೋ ಅಗತ್ಯ ಇಲ್ಲ. ಇನ್ವರ್ಟರನ್ನೇ ತೆಗೀಬೇಕಾಗಿ ಬಂದ್ರೆ ಸರ್ವಿಸ್ ಪ್ಲಗ್ (ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯೋ ಪ್ಲಗ್) ಎಳೆದು ಕನಿಷ್ಠ 10 ನಿಮಿಷ ಕಾಯ್ಬೇಕು, ಇನ್ಸುಲೇಟೆಡ್ ಗ್ಲೌಸ್ ಹಾಕ್ಬೇಕು, ಮೀಟರಲ್ಲಿ ಸೊನ್ನೆ ನೋಡಿನೇ ಮುಂದೆ ಹೋಗ್ಬೇಕು, ಇದು ಅಭ್ಯಾಸ ಇಲ್ಲ ಅಂದ್ರೆ ಅದನ್ನ ಗೊತ್ತಿರೋರಿಗೆ ಬಿಡಿ.

ಬಿಸಿ ಇರೋವಾಗ ಕ್ಯಾಪ್ ತೆಗೀಲೇಬೇಡಿ. ಪ್ರೆಶರ್ ಇರೋದ್ರಿಂದಲೇ ಕೂಲೆಂಟ್ 120 ಡಿಗ್ರೀಲೂ ಕುದಿಯದೆ ಇರತ್ತೆ, ಕ್ಯಾಪ್ ತಿರುಗಿಸಿದ ತಕ್ಷಣ ಅದೆಲ್ಲಾ ಹಬೆಯಾಗಿ ಮುಖಕ್ಕೆ ಬರತ್ತೆ. ಚೆಲ್ಲಿದ ಕೂಲೆಂಟ್ ಆಗಿಂದಾಗ್ಗೆ ಒರೆಸಿ, ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರತ್ತೆ, ನಾಯಿ ಬೆಕ್ಕು ನೆಕ್ಕಿದ್ರೆ ಸಾಯ್ತವೆ.

ಕಾದಿದ್ದು ಇಂಜಿನ್ನಾ, ಇನ್ವರ್ಟರಾ, ಬ್ಯಾಟರಿಯಾ

ಮಾಮೂಲಿ ಕಾರಲ್ಲಿ ಓವರ್‌ಹೀಟ್ ಅಂದ್ರೆ ಇಂಜಿನ್ ಅಂತಲೇ ಅರ್ಥ, ಹೈಬ್ರಿಡ್‌ನಲ್ಲಿ ಹಾಗಲ್ಲ. ಪ್ರಿಯಸ್‌ನಲ್ಲಿ ಇಂಜಿನ್‌ಗೆ ಒಂದು ಕೂಲೆಂಟ್ ಲೈನ್, ಇನ್ವರ್ಟರ್ ಮತ್ತೆ ಟ್ರಾನ್ಸ್‌ಆಕ್ಸಲ್‌ಗೆ (ಗೇರ್, ಮೋಟರ್ ಇರೋ ಪೆಟ್ಟಿಗೆ) ಸೇರಿ ಇನ್ನೊಂದು, ಪಂಪ್ ಬೇರೆ, ರಿಸರ್ವಾಯರ್ ಬೇರೆ, ಒಂದರ ನೀರು ಇನ್ನೊಂದಕ್ಕೆ ಹೋಗಲ್ಲ. ದೊಡ್ಡ ಬ್ಯಾಟರಿಗೆ ಕ್ಯಾಬಿನ್ ಗಾಳಿ ಎಳೆಯೋ ಫ್ಯಾನ್, ಅದರ ಬಾಯಿ ಹಿಂದಿನ ಸೀಟಿನ ಪಕ್ಕ ಇರತ್ತೆ, ಧೂಳು ನಾಯಿ ಕೂದಲು ಎಲ್ಲಾ ಅಲ್ಲೇ ಸೇರೋದು. ಹೋಂಡಾದ ಹಳೇ ಸಿವಿಕ್ ಹೈಬ್ರಿಡ್‌ನಂಥವುಗಳಲ್ಲಿ ಬ್ಯಾಟರಿ ಎಲೆಕ್ಟ್ರಾನಿಕ್ಸ್ ಎರಡೂ ಹಿಂದಿನ ಸೀಟಿನ ಹಿಂದೆ ಇದ್ದು ಗಾಳಿಯಿಂದಲೇ ತಂಪಾಗ್ತವೆ.

ಹಾಗಾಗಿ ಕೋಡ್ ಓದೋದು ಮೊದಲನೇ ಕೆಲಸ. ಪಿ0ಎ93 ಬಂದಿದ್ರೆ ಅದು ಇನ್ವರ್ಟರ್ ಕೂಲಿಂಗ್, ಇಂಜಿನ್ ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲೆಂಟನ್ನ ರೇಡಿಯೇಟರ್ ಮೂಲಕ ಹರಿಯೋಕೆ ಬಿಡೋ ವಾಲ್ವ್) ಎಷ್ಟು ಸಲ ಬದಲಾಯಿಸಿದ್ರೂ ಹೋಗಲ್ಲ. ಇನ್ವರ್ಟರ್ ಪಂಪ್ ಓಡ್ತಿದ್ಯಾ ಅಂತ ನೋಡೋದು ಸುಲಭ, ಕಾರು ತಣ್ಣಗಿರೋವಾಗ ಅದರ ರಿಸರ್ವಾಯರ್ ಕ್ಯಾಪ್ ತೆಗೆದು ಕಾರನ್ನ ರೆಡಿ ಮಾಡಿ, ಒಳಗೆ ನೀರು ಸುಳಿಯೋದು ಕಣ್ಣಿಗೇ ಕಾಣ್ಬೇಕು. ಅಲ್ಲಾಡದೆ ಕೆರೆ ಥರ ನಿಂತಿದ್ರೆ ಪಂಪ್ ಸತ್ತಿದೆ, ಇಲ್ಲಾ ಫ್ಯೂಸ್ ಹೋಗಿದೆ, ಇಲ್ಲಾ ಗಾಳಿ ಕಟ್ಟಿದೆ. 2004ರಿಂದ 2009ರ ಪ್ರಿಯಸ್‌ಗಳಲ್ಲಿ ಈ ಪಂಪ್‌ಗೆ ರೀಕಾಲ್ ಕೂಡ ಆಗಿತ್ತು, ಅಷ್ಟು ಮಾಮೂಲಿ ತೊಂದರೆ ಇದು.

ಪಿ261ಬಿ, ಪಿ261ಸಿ, ಪಿ261ಡಿ ಅಂದ್ರೆ ಮೂರನೇ ತಲೆಮಾರಿನ ಇಂಜಿನ್ನಿನ ಎಲೆಕ್ಟ್ರಿಕ್ ವಾಟರ್ ಪಂಪ್. ಪಿ0116, ಪಿ0117, ಪಿ0118 ಕೂಲೆಂಟ್ ಸೆನ್ಸರ್ ಅಥವಾ ಅದರ ವೈರಿಂಗ್. ಪಿ0300 ಸಾಲಿನ ಮಿಸ್‌ಫೈರ್ (ಸಿಲಿಂಡರಲ್ಲಿ ಇಂಧನ ಸರಿಯಾಗಿ ಉರಿಯದೆ ಇರೋದು) ಕೋಡ್ ಓವರ್‌ಹೀಟ್ ಜೊತೆಗೇ ಬಂದಿದ್ರೆ ಸ್ವಲ್ಪ ಭಯ ಪಡೋ ವಿಷಯ, ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತೆ ಅದರ ಮೇಲಿನ ಹೆಡ್ ಮಧ್ಯೆ ಇರೋ ಸೀಲ್) ಹತ್ರ ಬಂದಾಗ ಹೇಳ್ತೀನಿ.

ನಂಬರ್ ನೋಡದೆ ಏನೂ ಬಿಚ್ಚಬೇಡಿ

ಈ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ, ಇರೋದು ಒಂದು ಕೆಂಪು ಲೈಟ್, ಅದು ಬರೋ ಹೊತ್ತಿಗೆ ಆಗ್ಲೇ ತಡ ಆಗಿರತ್ತೆ. ಬ್ಲೂಟೂತ್ ಓಬಿಡಿ ಅಡಾಪ್ಟರ್ (ಕಾರಿನ ಕಂಪ್ಯೂಟರಿಂದ ಕೋಡ್, ನಂಬರ್ ಓದೋ ಸಣ್ಣ ಸಾಧನ) ಹಾಕಿ ಫೋನಲ್ಲಿ ಕೂಲೆಂಟ್ ಟೆಂಪರೇಚರ್ ನೋಡೋದು ಶುರು ಮಾಡಿ, ರಿಪೇರಿ ಮಾಡೋರ ಹತ್ರ ಇದಿಲ್ಲದೆ ಇದ್ರೆ ಕತ್ತಲಲ್ಲಿ ತಡಕಾಡಿದ ಹಾಗೆ. ಥರ್ಮೋಸ್ಟಾಟ್ 80ರಿಂದ 84 ಡಿಗ್ರೀಲಿ ತೆರೆಯೋಕೆ ಶುರುವಾಗತ್ತೆ, ಮಾಮೂಲಿ ಓಡಾಟದಲ್ಲಿ 85ರಿಂದ 95ರ ಒಳಗೆ ಆಡ್ತಿರತ್ತೆ. ಉದ್ದ ಏರಿನಲ್ಲಿ ಸ್ವಲ್ಪ ಹೊತ್ತು 100 ಮುಟ್ಟಿ ಇಳಿದ್ರೆ ನಾನು ತಲೆ ಕೆಡಿಸ್ಕೊಳಲ್ಲ, 105 ದಾಟಿ ಏರ್ತಾನೇ ಇದ್ರೆ ಪಕ್ಕಕ್ಕೆ ಹಾಕ್ತೀನಿ, 110 ಆದ್ರೆ ಮುಂದೆ ಒಂದು ಕಿಲೋಮೀಟರ್ ಕೂಡ ಓಡಿಸಲ್ಲ.

ಸೆನ್ಸರ್‌ಗೆ ತಾಗ್ತಿರೋದು ನೀರಲ್ಲ ಗಾಳಿ ಅಂದ್ರೆ ನಂಬರ್ ಸುಳ್ಳು ಹೇಳತ್ತೆ. ಕೂಲೆಂಟ್ ಕಮ್ಮಿ ಇದ್ದಾಗ ಟೆಂಪರೇಚರ್ 98 ಇದ್ದದ್ದು ಇದ್ದಕ್ಕಿದ್ದಂಗೆ 80ಕ್ಕೆ ಬಿದ್ದು ಮತ್ತೆ 110ಕ್ಕೆ ಹಾರತ್ತೆ. ಹಾಗೆ ಕುಣಿದಾಡೋ ಗ್ರಾಫ್ ಕಂಡ್ರೆ ಲೈನಲ್ಲಿ ಗಾಳಿ ಇದೆ ಅಂತಲೇ ಮೊದಲು ಯೋಚಿಸಿ. ಪಕ್ಕದಲ್ಲೇ ಇನ್ನೊಂದು ಸುಳಿವು ಇದೆ, ಹೀಟರ್ ಫುಲ್ ಇಟ್ಟು ನೋಡಿ, ಇಂಜಿನ್ 100 ತೋರಿಸ್ತಿರೋವಾಗ ಹೀಟರಿಂದ ತಣ್ಣನೆ ಗಾಳಿ ಬಂದ್ರೆ ಬಿಸಿ ನೀರು ಅಲ್ಲೀವರೆಗೆ ಹೋಗ್ತಾನೇ ಇಲ್ಲ.

ಯಾವಾಗ ಕಾಯತ್ತೆ ಅನ್ನೋದನ್ನೂ ಬರ್ದಿಡಿ. ನಿಂತಾಗ ಅಥವಾ ನಿಧಾನ ಟ್ರಾಫಿಕ್‌ನಲ್ಲಿ ಏರಿ, ವೇಗ ಹಿಡಿದ ಮೇಲೆ ಇಳಿದ್ರೆ ಫ್ಯಾನ್ ಕಡೆ ನೋಡಿ. ವೇಗದಲ್ಲಿ, ಏರಿನಲ್ಲಿ ಮಾತ್ರ ಏರಿದ್ರೆ ನೀರು ಸಾಕಷ್ಟು ಹರೀತಿಲ್ಲ, ಅಂದ್ರೆ ಪಂಪ್, ಥರ್ಮೋಸ್ಟಾಟ್, ಕಟ್ಟಿದ ರೇಡಿಯೇಟರ್. ತಣ್ಣಗೆ ಸ್ಟಾರ್ಟ್ ಮಾಡಿ ಐದೇ ನಿಮಿಷಕ್ಕೆ 110 ಅಂದ್ರೆ ನೀರು ಓಡಾಡ್ತಾನೇ ಇಲ್ಲ. ಹೈಬ್ರಿಡ್‌ನಲ್ಲಿ ಇದನ್ನ ಹಿಡಿಯೋದು ಕಷ್ಟ ಯಾಕಂದ್ರೆ ಊರೊಳಗೆ ಇಂಜಿನ್ ಅರ್ಧ ಹೊತ್ತು ಆಫೇ ಇರತ್ತೆ, ತೊಂದರೆ ಇದ್ರೂ ಕಾಯೋಕೇ ಟೈಮ್ ಸಿಗಲ್ಲ, ಟೆಸ್ಟ್ ಡ್ರೈವ್ ಪಾಸ್ ಆಗಿ ಎರಡು ದಿನ ಬಿಟ್ಟು ಏರಿನಲ್ಲಿ ಕೈ ಕೊಡೋದು ಇದಕ್ಕೇನೇ.

ಇಂಜಿನ್ ಆಫ್ ಆಗದೆ ಇರೋ ಹಾಗೆ ಮಾಡೋದು

ಇದಕ್ಕೆ ಮೇಂಟೆನೆನ್ಸ್ ಮೋಡ್ ಇದೆ. ಬ್ರೇಕ್ ಒತ್ತದೆ ಪವರ್ ಬಟನ್ ಎರಡು ಸಲ ಒತ್ತಿ ಡ್ಯಾಶ್ ಆನ್ ಮಾಡಿ, ಆಮೇಲೆ 60 ಸೆಕೆಂಡ್ ಒಳಗೆ ಎಲ್ಲಾ ಮುಗಿಸ್ಬೇಕು. ಪಾರ್ಕ್‌ನಲ್ಲಿ ಆಕ್ಸಿಲರೇಟರ್ ಎರಡು ಸಲ ಪೂರ್ತಿ ಒತ್ತಿ ಬಿಡಿ, ಬ್ರೇಕ್ ಹಿಡಿದು ನ್ಯೂಟ್ರಲ್‌ಗೆ ಹಾಕಿ ಮತ್ತೆ ಎರಡು ಸಲ, ಪಾರ್ಕ್‌ಗೆ ವಾಪಸ್ ಬಂದು ಮತ್ತೆ ಎರಡು ಸಲ. ಡಿಸ್‌ಪ್ಲೇಲಿ ಮೇಂಟೆನೆನ್ಸ್ ಮೋಡ್ ಅಂತ ಬರತ್ತೆ, ಆಮೇಲೆ ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿದ್ರೆ ಇಂಜಿನ್ ನಿಲ್ಲದೆ ಐಡಲ್ ಆಗ್ತಿರತ್ತೆ. ಈ ಮೋಡಲ್ಲಿ ಕಾರು ಓಡಿಸ್ಬೇಡಿ, ಟ್ರಾನ್ಸ್‌ಆಕ್ಸಲ್‌ಗೆ ಒಳ್ಳೇದಲ್ಲ. ಪವರ್ ಆಫ್ ಮಾಡಿದ್ರೆ ಮೋಡ್ ಹೋಗತ್ತೆ. ಮೊದಲ ಸಲ ಕೈ ಹಿಡಿಯಲ್ಲ, ಟೈಮ್ ಮೀರಿದ್ರೆ ಆಫ್ ಮಾಡಿ ಮೊದಲಿಂದ ಮಾಡಿ. ಕಾರು ಬಯಲಲ್ಲಿ ಅಥವಾ ಚೆನ್ನಾಗಿ ಗಾಳಿ ಆಡೋ ಜಾಗದಲ್ಲಿ ನಿಂತಿರ್ಲಿ, ಮುಚ್ಚಿದ ಗ್ಯಾರೇಜಲ್ಲಿ ಬೇಡ.

ಮೊದಲು ಗಾಳಿ ತೆಗೀರಿ

ಕೂಲೆಂಟ್ ಇಳಿಸಿದ ಯಾವುದೇ ರಿಪೇರಿ ಆದ್ಮೇಲೆ ನನ್ನ ಮೊದಲ ಅನುಮಾನ ಗಾಳಿ ಮೇಲೇನೇ. ಎಷ್ಟು ಹೊರಗೆ ಬಂತು, ಎಷ್ಟು ಒಳಗೆ ಹೋಯ್ತು ಅಂತ ಅಳೆದಿದ್ರಾ? 6 ಲೀಟರ್ ಇಳಿಸಿ 4 ಲೀಟರ್‌ಗೇ ತುಂಬ್ತು ಅಂದ್ರೆ ಮಿಕ್ಕಿದ 2 ಲೀಟರ್ ಜಾಗದಲ್ಲಿ ಗಾಳಿ ಕೂತಿದೆ, ಇಷ್ಟು ಸರಳವಾದ ಲೆಕ್ಕ ಎಷ್ಟೋ ಜನ ಮಾಡೋದೇ ಇಲ್ಲ, ಇಳಿಸಿದ ಕೂಲೆಂಟ್ ಚೆಲ್ಲಿದ್ರಂತೂ ಅಳೆಯೋಕೆ ಏನೂ ಉಳಿಯಲ್ಲ, ಮುಂದಿನ ಸಲ ಗೆರೆ ಇರೋ ಡಬ್ಬಕ್ಕೇ ಇಳಿಸಿ.

ಕಾರಿನ ಮೂತಿ ಸ್ವಲ್ಪ ಎತ್ತರ ಇರೋ ಹಾಗೆ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರಕ್ಕೆ ಅಡ್ಡ ಇಡಿ. ಸೋರದ ಫನಲ್ ತುಂಬೋ ಬಾಯಿಗೆ ಕೂರಿಸಿ ಫನಲ್ ಅರ್ಧ ತುಂಬೋ ಹಾಗೆ ಕೂಲೆಂಟ್ ಹಾಕಿ, ನಿಮ್ಮ ಕಾರಲ್ಲಿ ಬ್ಲೀಡರ್ ಸ್ಕ್ರೂ ಇದ್ರೆ ತೆರೆದು ಬಬಲ್ ಇಲ್ಲದ ಧಾರೆ ಬರೋವರೆಗೆ ಬಿಟ್ಟು ಮುಚ್ಚಿ. ಹೀಟರ್ ಫುಲ್ ಹಾಟ್, ಮೇಂಟೆನೆನ್ಸ್ ಮೋಡಲ್ಲಿ ಇಂಜಿನ್ ಓಡ್ಲಿ, ಈಗ ತಾಳ್ಮೆ ಬೇಕು, ಇಪ್ಪತ್ತು ನಿಮಿಷ ಆದ್ರೂ ಹಿಡಿಯತ್ತೆ, ಮಧ್ಯೆ ಮಧ್ಯೆ ಗ್ಲೌಸ್ ಹಾಕ್ಕೊಂಡು ಮೇಲಿನ ಹೋಸ್ ಹಿಚುಕಿ ಬಿಡಿ, ಗುಳುಗುಳು ಅಂತ ಗಾಳಿ ಬರತ್ತೆ, ಮಟ್ಟ ಕುಸಿಯತ್ತೆ, ಸುರೀತಾ ಇರಿ. ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗ್ಲಿ. ಆಮೇಲೆ ಪೂರ್ತಿ ತಣ್ಣಗಾಗೋಕೆ ಬಿಟ್ಟು ಮತ್ತೆ ಮಟ್ಟ ನೋಡಿ. ಮೂರನೇ ತಲೆಮಾರಲ್ಲಿ ಸ್ಕ್ಯಾನ್ ಟೂಲಿಂದ ಪಂಪನ್ನ ಇಂಜಿನ್ ಇಲ್ಲದೇನೇ ಓಡಿಸೋ ಆಕ್ಟಿವ್ ಟೆಸ್ಟ್ ಇದೆ, ಅದು ಸಿಕ್ಕಿದ್ರೆ ಕೆಲಸ ಅರ್ಧ ಕಮ್ಮಿ. ವ್ಯಾಕ್ಯೂಮ್ ಫಿಲ್ಲರ್ (ಗಾಳಿ ಹೀರಿ ತೆಗೆದು ಕೂಲೆಂಟ್ ತುಂಬೋ ಸಾಧನ) ಇದ್ರಂತೂ ಇಷ್ಟೆಲ್ಲಾ ಬೇಕೇ ಇಲ್ಲ.

ಕೆಲವು ದೇಶಗಳಿಗೆ ಬಂದ ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಬಿಸಿ ಕೂಲೆಂಟ್ ಹಿಡಿದಿಡೋ ಫ್ಲಾಸ್ಕ್ ಥರದ ಟ್ಯಾಂಕ್ ಇದೆ, ಸುಮಾರು 3 ಲೀಟರ್. ಇಂಜಿನ್ ತಣ್ಣಗಿದ್ರೂ ಅದರೊಳಗಿನ ನೀರು ದಿನಗಟ್ಟಲೆ ಬಿಸಿ ಇರತ್ತೆ, ಅದರ ಪಂಪ್ ತಾನಾಗೇ ಓಡತ್ತೆ, ಆದ್ರಿಂದ ಇಳಿಸೋಕೆ ಮುಂಚೆ ಆ ಪಂಪಿನ ಕನೆಕ್ಟರ್ ಬಿಚ್ಚಿ, ತುಂಬೋವಾಗ ಆ ಟ್ಯಾಂಕಿನ ಗಾಳಿನೂ ತೆಗೀಬೇಕು ಅಂತ ನೆನಪಿಡಿ. ಅದರ ವಾಲ್ವ್ ತೊಂದರೆ ಕೊಟ್ರೆ ಪಿ1121 ಬರತ್ತೆ.

ಯಾವ ಕೂಲೆಂಟ್ ಹಾಕಿದ್ರಿ ಅನ್ನೋದೂ ಇಲ್ಲೇ ನೋಡಿ. ಟೊಯೋಟಾದ ಪಿಂಕ್ ಕೂಲೆಂಟ್ ಆಗ್ಲೇ 50-50 ಮಿಕ್ಸ್ ಆಗಿ ಬರತ್ತೆ, ಅದಕ್ಕೆ ಮತ್ತೆ ನೀರು ಸೇರಿಸಬಾರದು. ಕಾನ್ಸಂಟ್ರೇಟ್ ತಂದು ನೀರೇ ಸೇರಿಸದೆ ಹಾಕಿದ್ರೂ ತಪ್ಪು, ಬರೀ ಗ್ಲೈಕಾಲ್ ನೀರಿನಷ್ಟು ಶಾಖ ಹೊರಲ್ಲ. ನಲ್ಲಿ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಹಾಕಿ. ಲೀಕ್ ನಿಲ್ಲಿಸೋ ಪುಡಿ ಯಾರಾದ್ರೂ ಹಾಕಿದ್ರೆ ಅದು ಹೀಟರ್ ಕೋರ್, ರೇಡಿಯೇಟರಿನ ಸಣ್ಣ ಕೊಳವೆ ಎಲ್ಲಾ ಕಟ್ಟಿರತ್ತೆ, ಪ್ಲೀಸ್ ಅದನ್ನ ಹಾಕ್ಬೇಡಿ.

ಫ್ಯಾನ್ ಮತ್ತೆ ಗಾಳಿ ದಾರಿ

ಏಸಿ ಆನ್ ಮಾಡಿ ಒಂದೆರಡು ನಿಮಿಷ ಕಾಯಿರಿ, ರೇಡಿಯೇಟರ್ ಫ್ಯಾನ್ ತಿರುಗ್ಬೇಕು. ತಿರುಗಲಿಲ್ಲ ಅಂದ್ರೆ ಕನೆಕ್ಟರ್ ಕಿತ್ತು ಮತ್ತೆ ಒತ್ತಿ, ಟಕ್ ಅನ್ನೋ ಸದ್ದು ಕೇಳ್ಬೇಕು, ನನ್ನದು ನೋಡೋಕೆ ಕೂತ ಹಾಗೇ ಇತ್ತು ಲಾಕ್ ಮಾತ್ರ ಬಿದ್ದಿರ್ಲಿಲ್ಲ, ಕೆಲವೊಮ್ಮೆ ತಿರುಗ್ತಿತ್ತು ಕೆಲವೊಮ್ಮೆ ಇಲ್ಲ. ಆಮೇಲೆ ಫ್ಯೂಸ್, ರಿಲೇ. ತಿರುಗ್ತಿದ್ರೂ ಸರಿ ದಿಕ್ಕಿಗಾ ನೋಡಿ, ಮುಂದಿನ ಗ್ರಿಲ್ ಕಡೆಯಿಂದ ತೆಳು ಪೇಪರ್ ಹಿಡಿದ್ರೆ ಒಳಗೆ ಎಳ್ಕೊಂಡು ಅಂಟಬೇಕು, ಹೊರಗೆ ಹಾರಿದ್ರೆ ವೈರ್ ಉಲ್ಟಾ ಸೇರಿದೆ.

ಫ್ಯಾನಿನ ಸುತ್ತ ಇರೋ ಶ್ರೌಡ್, ರೇಡಿಯೇಟರಿನ ಪಕ್ಕದ ಫೋಮ್ ಪಟ್ಟಿ, ಕೆಳಗಿನ ಅಂಡರ್ ಕವರ್, ಇವೆಲ್ಲಾ ಅಲಂಕಾರಕ್ಕೆ ಅಂತ ಬಿಟ್ಟುಬಿಡ್ತಾರೆ. ಅವಿಲ್ಲದೆ ಗಾಳಿ ರೇಡಿಯೇಟರ್ ಒಳಗೆ ಹೋಗೋ ಬದಲು ಪಕ್ಕದಿಂದ ಜಾರ್ಕೊಂಡು ಹೋಗತ್ತೆ, ವೇಗದಲ್ಲಿ ಕಾಯೋಕೆ ಇದೊಂದೇ ಸಾಕು. ಏಸಿ ಕಂಡೆನ್ಸರ್ ಮತ್ತೆ ರೇಡಿಯೇಟರ್ ಮಧ್ಯೆ ಟಾರ್ಚ್ ಬಿಟ್ಟು ನೋಡಿ, ಎಲೆ, ಹುಳ, ಧೂಳು ಕಂಬಳಿ ಥರ ಕೂತಿರತ್ತೆ.

ಪಂಪ್, ಥರ್ಮೋಸ್ಟಾಟ್, ಕ್ಯಾಪ್

ಎರಡನೇ ತಲೆಮಾರಲ್ಲಿ ವಾಟರ್ ಪಂಪ್ ಬೆಲ್ಟಲ್ಲಿ ಓಡತ್ತೆ, ಆ ಬೆಲ್ಟ್ ಬೇರೇನನ್ನೂ ಓಡಿಸಲ್ಲ, ಆಲ್ಟರ್ನೇಟರ್ ಇಲ್ಲವೇ ಇಲ್ಲ, ಏಸಿ ಕಂಪ್ರೆಸರ್ ಕರೆಂಟಲ್ಲಿ ಓಡತ್ತೆ. ಅಂದ್ರೆ ಮಾಮೂಲಿ ಕಾರಲ್ಲಿ ಬೆಲ್ಟ್ ಹೋದ್ರೆ ಬರೋ ಬ್ಯಾಟರಿ ಲೈಟ್ ಇಲ್ಲಿ ಬರಲ್ಲ, ಬೆಲ್ಟ್ ಹರಿದ್ರೂ ಜಾರಿದ್ರೂ ಮೊದಲು ಗೊತ್ತಾಗೋದೇ ಟೆಂಪರೇಚರ್ ಏರಿದಾಗ. ಕೂಲೆಂಟ್ ಅಥವಾ ಆಯಿಲ್ ತಾಗಿದ ಬೆಲ್ಟ್ ಜಾರತ್ತೆ, ಟೆನ್ಷನ್ ನೋಡಿ. ಮೂರನೇದ್ರಲ್ಲಿ ಬೆಲ್ಟೇ ಇಲ್ಲ, ಪಂಪ್ ಎಲೆಕ್ಟ್ರಿಕ್, ಅದರ ಕನೆಕ್ಟರ್ ಒಳಗೆ ಹಸಿರು ತುಕ್ಕು ಅಥವಾ ಕೂಲೆಂಟ್ ಇಳಿದಿದ್ಯಾ ನೋಡಿ.

ಥರ್ಮೋಸ್ಟಾಟ್ ಉಲ್ಟಾ ಹಾಕಿದೋರು ಬೇಕಾದಷ್ಟು ಜನ ಇದ್ದಾರೆ. ಸ್ಪ್ರಿಂಗ್ ಇರೋ ಕಡೆ ಇಂಜಿನ್ ಒಳಗೆ, ಸಣ್ಣ ಜಿಗಲ್ ಪಿನ್ ಮೇಲ್ಗಡೆ, ಅದರ ಮೂಲಕವೇ ಗಾಳಿ ಹೊರಗೆ ಹೋಗೋದು. ಅನುಮಾನ ಇದ್ರೆ ತೆಗೆದು ಪಾತ್ರೆ ನೀರಲ್ಲಿ ತೂಗಿ ಬಿಡಿ, ಪಾತ್ರೆ ತಳಕ್ಕೆ ತಾಗಬಾರದು, ಥರ್ಮಾಮೀಟರ್ ಇಟ್ಟು ಕಾಯಿಸಿ, 80ರ ನಂತರ ಬಾಯಿ ಬಿಡ್ಬೇಕು, ತಣ್ಣಗಾದಾಗ ಪೂರ್ತಿ ಮುಚ್ಚಬೇಕು. ಕಾರಲ್ಲೇ ನೋಡೋದಾದ್ರೆ ಇನ್ಫ್ರಾರೆಡ್ ಗನ್ ಸಾಕು, ಹೋಸಿನ ಕಪ್ಪು ರಬ್ಬರ್ ಮೇಲೆ ಹಿಡಿಯಿರಿ, ಹೊಳೆಯೋ ಅಲ್ಯೂಮಿನಿಯಂ ಮೇಲೆ ಹಿಡಿದ್ರೆ ನಂಬರ್ ತಪ್ಪು ಬರತ್ತೆ. ಇಂಜಿನ್ 95 ದಾಟಿದ್ರೂ ಕೆಳಗಿನ ಹೋಸ್ ತಣ್ಣಗೇ ಇದ್ರೆ ಒಂದೋ ಥರ್ಮೋಸ್ಟಾಟ್ ತೆರೆದಿಲ್ಲ, ಇಲ್ಲಾ ನೀರೇ ಓಡ್ತಿಲ್ಲ. ರೇಡಿಯೇಟರ್ ಮೇಲೆ ಅಲ್ಲಲ್ಲಿ ಹಿಡೀರಿ, ಮಧ್ಯೆ ಒಂದು ಪಟ್ಟಿ ಮಾತ್ರ ತಣ್ಣಗಿದ್ರೆ ಆ ಕೊಳವೆಗಳು ಕಟ್ಟಿವೆ. ಆದ್ರೆ ಹಲವು ಪ್ರಿಯಸ್‌ಗಳಲ್ಲಿ ಇನ್ವರ್ಟರಿನ ರೇಡಿಯೇಟರ್ ಕೂಡ ಅದೇ ಚೌಕಟ್ಟಿನಲ್ಲಿ ಸೇರಿರತ್ತೆ, ಆ ಭಾಗ ಯಾವಾಗ್ಲೂ ತಣ್ಣಗೇ ಇರೋದು, ಅದನ್ನ ಬ್ಲಾಕ್ ಅಂದ್ಕೋಬೇಡಿ.

ಕ್ಯಾಪಿನ ರಬ್ಬರ್ ಸೀಳಿದ್ರೆ ಹೊಸದು ಹಾಕಿ, ಅದೇ ಪ್ರೆಶರ್ ರೇಟಿಂಗ್ ಇರೋದು.

ಹೆಡ್ ಗ್ಯಾಸ್ಕೆಟ್

ಮೇಲಿನದೆಲ್ಲಾ ಸರಿ ಇದ್ದು, ಗಾಳಿ ಎಷ್ಟು ತೆಗೆದ್ರೂ ಮತ್ತೆ ಮತ್ತೆ ಬರ್ತಿದ್ರೆ ಆ ಗಾಳಿ ಎಲ್ಲಿಂದ ಬರ್ತಿದೆ ಅಂತ ಕೇಳ್ಕೋಬೇಕು. ಮೂರನೇ ತಲೆಮಾರಿನ ಪ್ರಿಯಸ್‌ನ 1.8 ಲೀಟರ್ ಇಂಜಿನ್‌ನಲ್ಲಿ ಇಜಿಆರ್ ಕೂಲರ್ (ಇಂಜಿನ್ನಿಗೇ ವಾಪಸ್ ಹೋಗೋ ಹೊಗೆಯನ್ನ ತಣಿಸೋ ಭಾಗ) ಮಸಿ ಹಿಡಿದು ಕಟ್ಟೋದು, ಆಮೇಲೆ ಹೆಡ್ ಗ್ಯಾಸ್ಕೆಟ್ ಹೋಗೋದು ತುಂಬಾ ಜನ ಕಂಡಿರೋ ತೊಂದರೆ. ಹಿಂದಿನ ಓವರ್‌ಹೀಟಲ್ಲೇ ಹೆಡ್ ಬಾಗಿ, ಆ ತೊಂದರೆಗೆ ಅಂತ ನೀವು ಪಂಪ್ ಬದಲಾಯಿಸಿದ್ದೂ ಇರಬಹುದು.

ರಾತ್ರಿ ಎಲ್ಲಾ ನಿಂತ ಕಾರು ಬೆಳಗ್ಗೆ ಸ್ಟಾರ್ಟ್ ಆಗೋವಾಗ ಕೆಲವು ಸೆಕೆಂಡ್ ಗಡಗಡ ಅಂತ ನಡುಗಿ ಆಮೇಲೆ ಸರಿಯಾದ್ರೆ, ಜೊತೆಗೆ ಮಿಸ್‌ಫೈರ್ ಕೋಡ್ ಇದ್ರೆ, ಸಿಲಿಂಡರ್ ಒಳಗೆ ಕೂಲೆಂಟ್ ಇಳೀತಿದೆ ಅಂತ ಗಟ್ಟಿ ಅನುಮಾನ ಪಡಿ. ತಣ್ಣಗೆ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದ್ರೆ ಅದು ಶಾಖದ ಪ್ರೆಶರ್ ಅಲ್ಲ, ಕಂಬಷನ್ ಗ್ಯಾಸ್. ಬ್ಲಾಕ್ ಟೆಸ್ಟರ್ (ಕೂಲೆಂಟಲ್ಲಿ ಕಂಬಷನ್ ಗ್ಯಾಸ್ ಇದ್ಯಾ ಅಂತ ತೋರಿಸೋ ಸಾಧನ) ತಂದು ನೋಡಿ, ನೀಲಿ ದ್ರವ ಹಳದಿಗೆ ತಿರುಗಿದ್ರೆ ಉತ್ತರ ಸಿಕ್ತು. ತಿರುಗಲಿಲ್ಲ ಅಂದ ಮಾತ್ರಕ್ಕೆ ಗ್ಯಾಸ್ಕೆಟ್ ಸರಿ ಇದೆ ಅಂತ ಅಲ್ಲ, ಸಣ್ಣ ಸೋರಿಕೆ ಈ ಟೆಸ್ಟಲ್ಲಿ ತಪ್ಪಿಸ್ಕೊಳತ್ತೆ. ಆಗ ಕೂಲಿಂಗ್ ಸಿಸ್ಟಮ್‌ಗೆ ಪ್ರೆಶರ್ ಪಂಪ್ ಹಾಕಿ ಕ್ಯಾಪ್ ರೇಟಿಂಗ್ ಮೀರದ ಹಾಗೆ ರಾತ್ರಿ ಎಲ್ಲಾ ಬಿಡಿ, ಬೆಳಗ್ಗೆ ಸ್ಪಾರ್ಕ್ ಪ್ಲಗ್ ತೆಗೆದು ಬೋರ್‌ಸ್ಕೋಪ್ (ತುದೀಲಿ ಕ್ಯಾಮೆರಾ ಇರೋ ತೆಳು ವೈರ್) ಇಳಿಸಿ ನೋಡಿ. ಮೂರು ಪಿಸ್ಟನ್ ಕಪ್ಪಗಿದ್ದು ಒಂದು ಮಾತ್ರ ತೊಳೆದ ಪಾತ್ರೆ ಥರ ಫಳಫಳ ಇದ್ರೆ ಅದೇ ಸಿಲಿಂಡರ್.

ಹೈಬ್ರಿಡ್‌ನಲ್ಲಿ ಇದನ್ನ ಮುಂದಕ್ಕೆ ಹಾಕಬಾರದು. ಇಂಜಿನ್ ತಿರುಗಿಸೋದು ಸಣ್ಣ ಸ್ಟಾರ್ಟರ್ ಅಲ್ಲ, ಶಕ್ತಿಯುತ ಮೋಟರ್ ಜನರೇಟರ್. ಸಿಲಿಂಡರಲ್ಲಿ ನೀರು ನಿಂತಿದ್ರೆ ಮಾಮೂಲಿ ಸ್ಟಾರ್ಟರ್ ಅಲ್ಲೇ ಸಿಕ್ಕಿಕೊಂಡು ನಿಲ್ಲಬಹುದು, ಇದು ನಿಲ್ಲದೆ ತಿರುಗಿಸಿ ಕನೆಕ್ಟಿಂಗ್ ರಾಡ್ ಬಗ್ಗಿಸಿ ಬಿಡತ್ತೆ, ಆಮೇಲೆ ಗ್ಯಾಸ್ಕೆಟ್ ಬದಲಾಯಿಸಿ ಪ್ರಯೋಜನ ಇಲ್ಲ. ಕಂಪ್ರೆಷನ್ ಟೆಸ್ಟ್ ಮಾಡೋಕೂ ಕೀ ತಿರುಗಿಸಿದ್ರೆ ಆಗಲ್ಲ, ಸ್ಕ್ಯಾನ್ ಟೂಲಲ್ಲಿ ಕ್ರ್ಯಾಂಕಿಂಗ್ ಮೋಡ್ ಬೇಕು, ಅದಕ್ಕೆ ಲೀಕ್‌ಡೌನ್ ಟೆಸ್ಟೇ (ಸಿಲಿಂಡರ್ ಒಳಗೆ ಗಾಳಿ ತುಂಬಿ ಸೋರಿಕೆ ನೋಡೋದು) ಮನೇಲಿ ಸುಲಭ.

ಹೆಡ್ ಗ್ಯಾಸ್ಕೆಟ್ ನೀವೇ ಹಾಕಿ ಆಮೇಲೆ ಕಾಯ್ತಿದ್ರೆ ಮೂರು ಪ್ರಶ್ನೆ. ಹೆಡ್ ಸಮತಟ್ಟಾಗಿದ್ಯಾ ಅಂತ ಸ್ಟ್ರೈಟ್‌ಎಡ್ಜ್ ಇಟ್ಟು ಅಳೆದ್ರಾ, ಮಿತಿ ಸಾಮಾನ್ಯವಾಗಿ 0.05 ಮಿಲಿಮೀಟರ್ ಆಸುಪಾಸು. ಬೋಲ್ಟ್‌ಗಳನ್ನ ಟಾರ್ಕ್ ಆದ್ಮೇಲೆ ಹೇಳಿದಷ್ಟು ಡಿಗ್ರಿ ತಿರುಗಿಸಿದ್ರಾ, ಬೋಲ್ಟ್ ತೂತಲ್ಲಿ ಕೂಲೆಂಟ್ ಉಳಿದಿದ್ರೆ ಬಿಗಿ ಆದ ಹಾಗೆ ಅನಿಸತ್ತೆ ಅಷ್ಟೇ. ಇಜಿಆರ್ ಕೂಲರ್ ತೆಗೆದು ತೊಳೆದ್ರಾ, ಹಾಗೇ ವಾಪಸ್ ಹಾಕಿದ್ದಿದ್ರೆ ಗ್ಯಾಸ್ಕೆಟ್ ಹಾಳು ಮಾಡಿದ ಕಾರಣ ಒಳಗೇ ಉಳಿದಿದೆ.

ರಸ್ತೆಗೆ ಇಳಿಸೋದು

ಕಾರಣ ಸಿಕ್ಕಿ ಸರಿ ಮಾಡಿದ ಮೇಲೆ ಮೊದಲು ನಿಂತಲ್ಲೇ ಅರ್ಧ ಗಂಟೆ, ಆಮೇಲೆ ಮನೆ ಸುತ್ತ, ಆಮೇಲೆ ಉದ್ದ ಏರು, ಫೋನಲ್ಲಿ ಟೆಂಪರೇಚರ್ ಕಾಣ್ತಾನೇ ಇರ್ಲಿ, ಪಕ್ಕದಲ್ಲಿ ಯಾರಾದ್ರೂ ಕೂತು ನೋಡಿದ್ರೆ ಇನ್ನೂ ಒಳ್ಳೇದು. ದಾರೀಲಿ ಕೆಂಪು ಲೈಟ್ ಬಂದ್ರೆ ಏಸಿ ಆಫ್, ಹೀಟರ್ ಫುಲ್, ಪಕ್ಕಕ್ಕೆ ನಿಲ್ಸಿ, ಹಬೆ ಬರ್ತಿದ್ರೆ ಪವರ್ ಆಫ್ ಮಾಡಿ ಹಬೆ ಇಳಿಯೋವರೆಗೆ ಬಾನೆಟ್ ಎತ್ತಬೇಡಿ.

ರಿಸರ್ವಾಯರ್ ಮೇಲೆ ಮಟ್ಟಕ್ಕೆ ಸರಿಯಾಗಿ ಟೇಪ್ ಅಂಟಿಸಿ, ಒಂದು ವಾರ ದಿನಾ ಬೆಳಗ್ಗೆ ತಣ್ಣಗಿರೋವಾಗಲೇ ನೋಡಿ. ಮೊದಲ ಎರಡು ಮೂರು ದಿನ ಒಂಚೂರು ಇಳಿದು ನಿಂತ್ರೆ ಉಳಿದಿದ್ದ ಗಾಳಿ ಹೊರಗೆ ಬಂತು ಅಂತ ಅರ್ಥ, ಅಷ್ಟು ತುಂಬಿಸಿ ಮುಂದೆ ನೋಡಿ. ನಾಲ್ಕನೇ ದಿನನೂ ಇಳೀತಾನೇ ಇದ್ದು ಕೆಳಗೆ ನೆಲದ ಮೇಲೆ ಒಂದು ಹನೀನೂ ಕಾಣದೆ ಇದ್ರೆ ಕಾರು ಓಡಿಸೋದು ನಿಲ್ಸಿ, ಬೋರ್‌ಸ್ಕೋಪ್ ಹೊರಗೆ ತೆಗೀರಿ.